ನಿಂತೇ ಇದ್ದ ಕಾರು ನಿಲ್ಲದಾದಾಗ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಒಳದಾರಿಗಳಲ್ಲಿ ತಿರುಗಾಡಿದವರಿಗೆ ಈ ನೋಟ ಹೊಸದಲ್ಲ. ತೋಟದ ಅಂಚಿನ ಹಂಚಿನ ಶೆಡ್ಡಿನಲ್ಲಿ ಒಂದು ಕಾರು ತಾರ್ಪಾಲು ಹೊದ್ದು ಕೂತಿರುತ್ತದೆ. ಹೆಚ್ಚಾಗಿ ಅಂಬಾಸಿಡರ್, ಇಲ್ಲವೆ ಫಿಯೆಟ್. ಎಲ್ಲೋ ಅಪರೂಪಕ್ಕೆ ಮೋರಿಸ್ ಮೈನರ್. ಘಟ್ಟದ ಬುಡದ ಕಡೆ ಹೋದರೆ ಜೀಪು. ಯಜಮಾನರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲು ನಡೆಸುತ್ತಾರೆ. ಅಜ್ಜ ತೆಗೆದ ಕಾರು, ಮಾರಲು ಮನಸ್ಸಿಲ್ಲ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಊರಿಗೆ ಬಂದವರು ತಾರ್ಪಾಲು ಸರಿಸಿ, ಹೊಸ ಬ್ಯಾಟರಿ ಕೂರಿಸಿ, ಕಾರ್ಬುರೇಟರ್ ತೊಳೆದು, ಕ್ಯಾನಿನಲ್ಲಿ ತಂದ ಪೆಟ್ರೋಲ್ ಹೊಯ್ದು ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಕೆಮ್ಮಿ, ಹೊಗೆ ಉಗುಳಿ ಹೊತ್ತಿಕೊಂಡಿತೆಂದರೆ ಅಂಗಳದಲ್ಲಿದ್ದವರಿಗೆಲ್ಲ ಸಂಭ್ರಮ. ಮಕ್ಕಳು ಹಿಂದಿನ ಸೀಟು ಹತ್ತಿ ಆಗಿರುತ್ತದೆ. ಆ ಗದ್ದಲದ ನಡುವೆ ಹಳೆಯ ಡ್ರೈವರ್ ಯಾರಾದರೂ ನಿಂತಿದ್ದರೆ ಅವರ ಬಾಯಿಂದ ಬರುವ ಮಾತೇ ಬೇರೆ: “ಸ್ಟಾರ್ಟ್ ಆಪುದ್ ಇರ್ಲಿ, ನಿಲ್ತಾ ಕಾಣಿ ಮಾರಾಯ್ರೆ.”

ಇವತ್ತಿನ ನನ್ನ ಮಾತು ಆ ಡ್ರೈವರಿನ ಪಕ್ಷದ್ದು. ಬ್ರೇಕು ಓಡಿ ಓಡಿ ಸವೆದು ಕೆಡುತ್ತದೆ ಎಂದು ನಾವು ತಿಳಿದಿದ್ದೇವೆ. ದಿನವೂ ಓಡುವ ಟ್ಯಾಕ್ಸಿಗೆ ಅದು ನಿಜ. ಕರಾವಳಿಯ ಹಳೆಯ ಕಾರಿನ ಬ್ರೇಕು ಮಾತ್ರ ನಿಂತು ನಿಂತು ಕೆಡುತ್ತದೆ. ಹಾಗಾಗಿ ಅದರ ದೋಷ ಹುಡುಕುವ ಕ್ರಮವೂ ಬೇರೆ.

ಕಾರಣ ನಮ್ಮ ಗಾಳಿಯಲ್ಲೇ ಇದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಆಸಾಡಿಯ ಗಾಳಿಗೆ ಅಲೆಯ ತುಂತುರು ರಸ್ತೆಗೇ ಬಂದು ಬೀಳುತ್ತದೆ. ಉಪ್ಪು, ತೇವ, ತಿಂಗಳುಗಟ್ಟಲೆ ಮಳೆ. ಇದರಲ್ಲಿ ಕಬ್ಬಿಣ ತುಕ್ಕು ಹಿಡಿಯುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದ ಇನ್ನೊಂದು ಕೆಲಸ ಬ್ರೇಕ್ ಆಯಿಲಿನೊಳಗೆ ನಡೆಯುತ್ತಿರುತ್ತದೆ. ನಾವು ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಡಬ್ಬಿಯಿಂದ ಆಗತಾನೆ ತೆಗೆದ ಡಾಟ್ 3 ಆಯಿಲಿನ ಕುದಿಬಿಂದು ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಮಾನದಂಡ ಕೇಳುವ ಮಟ್ಟ ಬರಿಯ 140 ಡಿಗ್ರಿ. ಈ ನೀರು ಕುದಿಬಿಂದು ಇಳಿಸಿ ಸುಮ್ಮನಾಗುವುದಿಲ್ಲ. ಮಾಸ್ಟರ್ ಸಿಲಿಂಡರಿನ, ಚಕ್ರದ ಬಳಿಯ ವೀಲ್ ಸಿಲಿಂಡರಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಳಿ ತೋಡುತ್ತದೆ. ನುಣ್ಣಗಿರಬೇಕಾದ ಗೋಡೆ ಒರಟಾಗುತ್ತದೆ.

ಈಗ ಹಬ್ಬದ ದಿನಕ್ಕೆ ಬನ್ನಿ. ಬ್ರೇಕ್ ಸರಿಯಿಲ್ಲ ಅನ್ನಿಸಿದಾಗ ನಮ್ಮವರು ಮಾಡುವ ಮೊದಲ ಕೆಲಸ ಪೈಪಿನೊಳಗಿನ ಗಾಳಿ ತೆಗೆಯಲೆಂದು ಪೆಡಲನ್ನು ದಡದಡ ಹೊಡೆಯುವುದು, ಅದೂ ನೆಲಕ್ಕೆ ತಾಗುವಷ್ಟು. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ದಿನನಿತ್ಯದ ಬ್ರೇಕಿಗೆ ಅಷ್ಟು ದೂರ ಹೋಗಿರುವುದೇ ಇಲ್ಲ. ಗೋಡೆಯ ಆ ತುದಿಯಲ್ಲೇ ತುಕ್ಕಿನ ಗುಳಿಗಳು ಇರುವುದು. ಕಪ್ಪಿನ ಅಂಚು ಅದರ ಮೇಲೆ ಉಜ್ಜಿ ಹರಿಯುತ್ತದೆ. ಅರೆಜೀವ ಇದ್ದ ಬ್ರೇಕು ಪೂರ್ತಿ ಹೋಗುತ್ತದೆ. “ನಿನ್ನೆ ಸ್ವಲ್ಪ ಹಿಡಿಯುತ್ತಿತ್ತು, ಗಾಳಿ ತೆಗೆದ ಮೇಲೆ ಏನೂ ಇಲ್ಲ” ಎಂಬ ದೂರು ಗ್ಯಾರೇಜುಗಳಲ್ಲಿ ಕೇಳಿಬರುವುದು ಹೀಗೆ. ಆದ್ದರಿಂದ ಪೆಡಲಿನಡಿ ಒಂದು ಮರದ ತುಂಡು ಇಡಿ, ಅರ್ಧ ದೂರಕ್ಕಿಂತ ಆಚೆ ಅದು ಹೋಗದಿರಲಿ. ಆಮೇಲೆ ಪರೀಕ್ಷೆ.

ಪರೀಕ್ಷೆಗೆ ಎಂಜಿನ್ ಬೇಕಾಗಿಲ್ಲ. ಹಳೆಯ ಅಂಬಾಸಿಡರ್, ಫಿಯೆಟ್, ಮೋರಿಸ್, ಜೀಪು ಇವಕ್ಕೆ ಎಂಜಿನಿನ ಬಲದಿಂದ ನೆರವಾಗುವ ಬೂಸ್ಟರ್ ಇಲ್ಲ. ಕಾಲಿನ ಬಲವೇ ಬಲ. ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಿದ ಆಯಿಲು ಪೈಪಿನಲ್ಲಿ ಹರಿದು ನಾಲ್ಕೂ ಚಕ್ರದ ಸಿಲಿಂಡರುಗಳ ಪಿಸ್ಟನ್ನುಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಅದಕ್ಕೆ ಮೊದಲು ಸರಳು, ತಂತಿಗಳೇ ಎಲ್ಲ. ಫೋರ್ಡ್ ಕಂಪನಿಯಂತೂ 1939ರ ಮಾದರಿ ಬರುವವರೆಗೂ ಸರಳುಗಳನ್ನು ಬಿಡಲಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲ್ಲಿನ ಹಳೆಯ ಕಾರುಗಳ ಮುಂಭಾಗದ ಥಳುಕನ್ನಷ್ಟೇ ನೋಡದೆ ಸ್ವಲ್ಪ ಬಗ್ಗಿ ಚಕ್ರದ ಒಳಬದಿಯನ್ನೂ ನೋಡಿ. ನಿಲ್ಲಿಸುವ ವಿದ್ಯೆ ಓಡಿಸುವ ವಿದ್ಯೆಗಿಂತ ಎಷ್ಟು ನಿಧಾನವಾಗಿ ಬೆಳೆಯಿತೆಂದು ಅಲ್ಲಿ ತಿಳಿಯುತ್ತದೆ.

ಸರಿ, ಪೆಡಲನ್ನು ಮೆಲ್ಲಗೆ ಒತ್ತಿ. ಕಾಲಿಗೆ ಏನು ಅನ್ನಿಸಿತು? ಮೊದಲ ಸಲ ಕೆಳಗೆ ಹೋಗಿ, ಎರಡನೆಯ ಮೂರನೆಯ ಸಲಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹೆಚ್ಚಾಗಿ ಶೂಗೂ ಡ್ರಮ್ಮಿಗೂ ನಡುವೆ ಅಂತರ ಜಾಸ್ತಿಯಾಗಿದೆ. ಅಡ್ಜಸ್ಟರ್ ಬಿಗಿ ಮಾಡಿದರೆ ಮುಗಿಯಿತು. ಮೇಲೆ ಬಂದರೂ ಹತ್ತಿಯ ದಿಂಬು ಒತ್ತಿದಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಅಥವಾ ಚಕ್ರದ ಬಳಿಯ ರಬ್ಬರ್ ಹೋಸು ಮುದಿಯಾಗಿ, ಒತ್ತಡಕ್ಕೆ ಉಬ್ಬುತ್ತಿದೆ. ಇದಕ್ಕೆ ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಹೋಸಿನ ಮೇಲೆ ಬೆರಳಿಡಬೇಕು. ಉಬ್ಬಿದರೆ ಬೆರಳಿಗೇ ಗೊತ್ತಾಗುತ್ತದೆ.

ಮೂರನೆಯದು ಮೋಸದ ಜಾತಿ. ಪೆಡಲ್ ಗಟ್ಟಿಯಾಗಿ ನಿಲ್ಲುತ್ತದೆ, ಸಮಾಧಾನವಾಗುತ್ತದೆ. ಕಾಲನ್ನು ಹಾಗೇ ಹಗುರಾಗಿ ಇಟ್ಟುಕೊಂಡಿದ್ದರೆ ಅದು ಮೆಲ್ಲಮೆಲ್ಲಗೆ ಕೆಳಗೆ ಜಾರುತ್ತದೆ. ಹೊರಗೆ ಎಲ್ಲೂ ಒಂದು ತೊಟ್ಟು ಸೋರಿಲ್ಲ, ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿಯ ಮಟ್ಟ ಇಳಿದಿಲ್ಲ. ಅಂದರೆ ಆಯಿಲು ಮಾಸ್ಟರ್ ಸಿಲಿಂಡರಿನೊಳಗೇ ಕಪ್ಪನ್ನು ದಾಟಿ ಹಿಂದಕ್ಕೆ ಬರುತ್ತಿದೆ. ಹೆದ್ದಾರಿಯಲ್ಲಿ ಜೋರಾಗಿ ಒತ್ತಿದಾಗ ಈ ಬ್ರೇಕು ಹಿಡಿಯುತ್ತದೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಂಥ ಕಡೆ ಬಸ್ಸಿನ ಹಿಂದೆ ಕಾಲು ಹಗುರಾಗಿ ಇಟ್ಟು ನಿಂತಾಗ ಕಾರು ಸದ್ದಿಲ್ಲದೆ ಮುಂದೆ ಸರಿಯುತ್ತದೆ. ಹೊಸ ರಬ್ಬರ್ ಕಿಟ್ ಹಾಕಿದರೆ ಸಾಕೆ ಎಂದು ಕೇಳುತ್ತಾರೆ. ಸಿಲಿಂಡರಿನ ಗೋಡೆಗೆ ಉಗುರು ಆಡಿಸಿ, ಉಗುರು ಸಿಕ್ಕಿಕೊಂಡರೆ ಸಾಲದು. ಒಳಗೆ ಹಿತ್ತಾಳೆಯ ಅಥವಾ ಸ್ಟೀಲಿನ ಕೊಳವೆ ಕೂರಿಸಬೇಕು, ಇಲ್ಲವೆ ಸಿಲಿಂಡರನ್ನೇ ಬದಲಿಸಬೇಕು. ಗುಳಿ ಬಿದ್ದ ಗೋಡೆಗೆ ಹೊಸ ಕಪ್ ಹಾಕುವುದು ಹಣ ಉಳಿಸಿದಂತೆ ಕಂಡರೂ ಮುಂದಿನ ಮಳೆಗಾಲದೊಳಗೆ ಅದೇ ಕೆಲಸ ಮತ್ತೆ ಬರುತ್ತದೆ.

ಆಯಿಲಿನ ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಎಲ್ಲಿ ಎಂದು ಹುಡುಕಬೇಕು. ಟೈರಿನ ಒಳಮೈ ಒದ್ದೆಯಾಗಿದೆಯೆ ನೋಡಿ. ಹಿಂದಿನ ಚಕ್ರದಲ್ಲಿ ಒದ್ದೆ ಕಂಡರೆ ಅವಸರ ಬೇಡ, ಅದು ಆಕ್ಸಲಿನ ಸೀಲು ಕೆಟ್ಟು ಬಂದ ಗೇರ್ ಆಯಿಲ್ ಇರಬಹುದು. ಬೆರಳಿಗೆ ತಾಗಿಸಿ ಮೂಸಿ. ಗೇರ್ ಆಯಿಲ್ ದಪ್ಪ, ಗಂಧಕದ ವಾಸನೆ. ಬ್ರೇಕ್ ಆಯಿಲ್ ತೆಳು, ಬಣ್ಣಕ್ಕೆ ತಾಗಿದರೆ ಬಣ್ಣವನ್ನೇ ಎಬ್ಬಿಸುತ್ತದೆ. ಇನ್ನೂ ಅನುಮಾನವಾದರೆ ನೀರು ಹಾಕಿ. ಬ್ರೇಕ್ ಆಯಿಲ್ ನೀರಿನಲ್ಲಿ ಕಲೆತು ಹೋಗುತ್ತದೆ, ಗೇರ್ ಆಯಿಲ್ ಮೇಲೆ ತೇಲುತ್ತದೆ. ಇಷ್ಟನ್ನು ನೋಡದೆ ವೀಲ್ ಸಿಲಿಂಡರ್ ಬದಲಿಸಿ, ವಾರದಲ್ಲಿ ಶೂ ಮೇಲಿನ ಹೊಸ ಲೈನರೂ ಎಣ್ಣೆ ಕುಡಿದು ಹಾಳಾಗಿ, ಕಂಪನಿಯನ್ನು ಬೈಯುವುದುಂಟು. ಮೋರಿಸ್ ಮೈನರ್ ಮತ್ತು ಹಳೆಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನಡಿ ಇಲ್ಲ, ಡ್ರೈವರಿನ ಕಾಲಡಿಯ ನೆಲದ ಕೆಳಗಿದೆ. ಮ್ಯಾಟು ಎತ್ತಿ ಮುಚ್ಚಳ ತೆಗೆಯಬೇಕು. ಕಣ್ಣಿಗೆ ಬೀಳದ್ದರಿಂದ ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿರುವುದಿಲ್ಲ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಕೆಸರು ಒರೆಸಿ. ಒಳಗೆ ಬಿದ್ದ ಒಂದು ಮರಳಿನ ಕಣ ಮುಂದಿನ ಎಲ್ಲ ತಾಪತ್ರಯಕ್ಕೂ ಸಾಕು.

ಇಲ್ಲೇ ಇನ್ನೊಂದು ಮಾತು. ಮಟ್ಟ ಇಳಿದಿದೆ ಎಂದು ಮನೆಯಲ್ಲಿದ್ದ ಎಂಜಿನ್ ಆಯಿಲನ್ನೇ ಸ್ವಲ್ಪ ಹೊಯ್ಯುವ ಹಿತೈಷಿಗಳು ಇದ್ದಾರೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಬ್ರೇಕಿನ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಆಮೇಲೆ ಆಯಿಲು ಬದಲಿಸಿದರೆ ಸಾಲದು, ಪೈಪು ತೊಳೆದು ರಬ್ಬರಿನ ಪ್ರತಿಯೊಂದು ಭಾಗವನ್ನೂ ಎಸೆಯಬೇಕು. ಮಾಸ್ಟರ್ ಸಿಲಿಂಡರಿನ ಡಬ್ಬಿಯಿಂದ ಸ್ವಲ್ಪ ದ್ರವ ತೆಗೆದು ನೀರಿಗೆ ಬಿಟ್ಟು ನೋಡಿ. ಮೇಲೆ ಎಣ್ಣೆಯ ಪದರ ತೇಲಿದರೆ ಆ ಹಿತೈಷಿ ಬಂದು ಹೋಗಿದ್ದಾರೆ.

ಮುಂದಿನದು ಎಳೆತ. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ. ಎಡ ಚಕ್ರ ಬಿಚ್ಚುತ್ತಾರೆ. ಅಲ್ಲಿ ಎಲ್ಲ ಸರಿಯಿರುತ್ತದೆ! ಎಡಕ್ಕೆ ಎಳೆಯುವುದು ಎಡಗಡೆಯದು ಕೆಲಸ ಮಾಡುತ್ತಿರುವುದರಿಂದ, ಬಲಗಡೆಯದು ಸೋಮಾರಿಯಾಗಿರುವುದರಿಂದ. ಬಲ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿರುತ್ತದೆ, ಅಥವಾ ಆ ಕಡೆಯ ಹೋಸು ಒಳಗೇ ಮುಚ್ಚಿಹೋಗಿರುತ್ತದೆ. ಮುಂದಿನ ಎರಡೂ ಚಕ್ರ ಜಾಕಿನಲ್ಲಿ ಎತ್ತಿ, ಒಬ್ಬರಿಗೆ ಪೆಡಲನ್ನು ಹಗುರಾಗಿ ಒತ್ತಲು ಹೇಳಿ, ಕೈಯಿಂದ ಚಕ್ರ ತಿರುಗಿಸಿ. ತಿರುಗಿದ ಚಕ್ರದಲ್ಲೇ ಸಮಸ್ಯೆ. ಇದಕ್ಕೊಂದು ಅಪವಾದ ಉಂಟು. ಲೈನರಿಗೆ ಸ್ವಲ್ಪವೇ ಎಣ್ಣೆಯೋ ತೇವವೋ ತಾಗಿದ್ದರೆ ಡ್ರಮ್ ಬ್ರೇಕು ಒಮ್ಮೆಲೆ ಕಚ್ಚುವುದೂ ಉಂಟು. ಆಗ ಎಳೆದ ಬದಿಯೇ ತಪ್ಪಿತಸ್ಥ. ಟೈರಿನ ಗಾಳಿ ಎರಡೂ ಕಡೆ ಸಮ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪಂಕ್ಚರಾಗುತ್ತಿರುವ ಟೈರಿಗೆ ಬ್ರೇಕ್ ರಿಪೇರಿ ಮಾಡಿಸಿದವರಿದ್ದಾರೆ.

ಜಾಕಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎತ್ತಿದ ಕಾರಿಗೆ ಆಸರೆ ಕೊಡಲು ನಮ್ಮಲ್ಲಿ ಕೈಗೆ ಸಿಗುವುದು ಕೆಂಪು ಮುರಕಲ್ಲು. ಗೋಡೆಗೆ ಅದು ಬಲವಾದದ್ದೇ. ಆದರೆ ಆಕ್ಸಲಿನ ಒಂದೇ ಬಿಂದುವಿನ ಭಾರ ಬಿದ್ದಾಗ, ಅದರಲ್ಲೂ ಮಳೆಯಲ್ಲಿ ನೆನೆದಿದ್ದರೆ, ಪುಡಿಯಾಗಿ ಕುಸಿಯುತ್ತದೆ. ಕಾರಿನಡಿ ಮಲಗುವವರು ಸ್ಟ್ಯಾಂಡು ಇಡಿ, ಅದಿಲ್ಲವಾದರೆ ದಪ್ಪ ಮರದ ದಿಮ್ಮಿ. ಮುರಕಲ್ಲು ಬೇಡವೇ ಬೇಡ.

ಇನ್ನು ಬ್ರೇಕ್ ಹಿಡಿದದ್ದು ಬಿಡದಿರುವುದು. ಹಳೆಯ ಕಾರಿನ ದೋಷಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಇದರಲ್ಲಿ ಊಹೆಗೆ ಜಾಗವಿಲ್ಲ, ಕೇಳಿದ್ದಕ್ಕೆಲ್ಲ ಕಾರು ಉತ್ತರ ಕೊಡುತ್ತದೆ. ಕಾರು ಭಾರವಾಗಿ ಓಡುತ್ತದೆ, ನ್ಯೂಟ್ರಲ್ ಮಾಡಿದರೆ ಬೇಗ ನಿಲ್ಲುತ್ತದೆ, ಸುಟ್ಟ ವಾಸನೆ ಬರುತ್ತದೆ. ಎರಡು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಮುಟ್ಟದೆ ನಿಲ್ಲಿಸಿ, ನಾಲ್ಕೂ ಚಕ್ರದ ಬಳಿ ಕೈ ಹಿಡಿಯಿರಿ. ಮುಟ್ಟಬೇಡಿ, ಬಿಸಿ ಕೈಗೆ ತಿಳಿಯುತ್ತದೆ. ನಾಲ್ಕೂ ಬಿಸಿಯಾಗಿದ್ದರೆ ಮಾಸ್ಟರ್ ಸಿಲಿಂಡರಿನ ಕಡೆ ಹೋಗಿ. ಕಾಲು ತೆಗೆದಾಗ ಆಯಿಲು ಹಿಂದಿರುಗುವ ಒಂದು ಸೂಜಿಮೊನೆಯ ತೂತು ಅಲ್ಲಿದೆ. ಪೆಡಲಿಗೆ ಸ್ವಲ್ಪವೂ ಸಡಿಲ ಇಲ್ಲದಿದ್ದರೆ ರಬ್ಬರ್ ಕಪ್ ಆ ತೂತನ್ನು ಮುಚ್ಚಿಕೊಂಡೇ ಇರುತ್ತದೆ. ಹಿಂದಿನ ಎರಡು ಮಾತ್ರ ಬಿಸಿಯಾದರೆ ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದಿರಬಹುದು, ಇಲ್ಲವೆ ಹಿಂದಿನ ಆಕ್ಸಲಿಗೆ ಹೋಗುವ ಒಂದೇ ಹೋಸು ಕೆಟ್ಟಿರಬಹುದು. ಮುಂದಿನ ಒಂದೇ ಚಕ್ರ ಬಿಸಿಯಾದರೆ ಆ ಚಕ್ರ ಎತ್ತಿ, ಗಾಳಿ ತೆಗೆಯುವ ಬ್ಲೀಡಿಂಗ್ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಆಯಿಲು ಚಿಮ್ಮಿ ಚಕ್ರ ಬಿಟ್ಟುಕೊಂಡಿತೆ? ಹಾಗಾದರೆ ಒತ್ತಡ ಒಳಗೆ ಸಿಕ್ಕಿಬಿದ್ದಿದೆ. ಬಿಟ್ಟುಕೊಳ್ಳದಿದ್ದರೆ ಸ್ಪ್ರಿಂಗು, ಶೂ, ಅಡ್ಜಸ್ಟರುಗಳ ತೊಂದರೆ. ಒತ್ತಡವೇ ಎಂದಾದರೆ ನಿಪ್ಪಲ್ ಬಿಗಿದು, ಪೆಡಲ್ ಒತ್ತಿ ಮತ್ತೆ ಹಿಡಿಸಿ, ಈ ಸಲ ಹೋಸಿನ ಮೇಲುತುದಿಯ ಪೈಪಿನ ನಟ್ಟು ಸಡಿಲಿಸಿ. ಈಗ ಬಿಟ್ಟಿತಾದರೆ ತಡೆ ಅದಕ್ಕೂ ಮೇಲಿದೆ. ಬಿಡಲಿಲ್ಲವಾದರೆ ಹೋಸೇ ಕಳ್ಳ. ಹೊರಗಿನಿಂದ ಹೊಸದರಂತೆ ಕಾಣುವ ಹೋಸು ಒಳಗೆ ಊದಿ, ಆಯಿಲನ್ನು ಹೋಗಲು ಬಿಡುತ್ತದೆ, ಬರಲು ಬಿಡುವುದಿಲ್ಲ. ಎರಡು ನಟ್ಟು ಸಡಿಲಿಸಿ ಸಿಗುವ ಈ ಉತ್ತರಕ್ಕೆ ಬದಲಾಗಿ ಶೂ, ಸಿಲಿಂಡರ್, ಸ್ಪ್ರಿಂಗ್ ಎಲ್ಲ ಬದಲಿಸಿ ಕೊನೆಗೆ ಹೋಸಿಗೆ ಬರುವ ಕ್ರಮ ನನಗೆ ಸಮ್ಮತವಲ್ಲ. ಈಗ ಹಳೆಯ ಗಾಡಿಗಳ ಭಾಗ ಸಿಗುವುದೇ ಕಷ್ಟ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಮುಂಬಯಿಯ, ಫಿಯೆಟ್ ವಂಶದ ಪದ್ಮಿನಿ ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತಿತ್ತು. ಇರುವ ಒಳ್ಳೆಯ ಭಾಗವನ್ನು ಅನುಮಾನದ ಮೇಲೆ ಎಸೆಯುವ ಕಾಲ ಇದಲ್ಲ.

ಡ್ರಮ್ ತೆಗೆದಾಗ ಒಳಗೆ ಕಪ್ಪು ಧೂಳು ತುಂಬಿರುತ್ತದೆ. ಬಾಯಿಂದ ಊದಬೇಡಿ, ಕಂಪ್ರೆಸರಿನ ಗಾಳಿಯನ್ನೂ ಹೊಡೆಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಲೈನರಿನ ರಿವೆಟ್ಟು ಮೇಲೆದ್ದು ಡ್ರಮ್ಮಿಗೆ ಗೆರೆ ಕೊರೆದಿದೆಯೆ ನೋಡಿ. ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಕುಟ್ಟಿದಂತಾದರೆ ಡ್ರಮ್ ಗುಂಡಗೆ ಉಳಿದಿಲ್ಲ, ಲೇತಿಗೆ ಹಾಕಿಸಬೇಕು.

ಘಟ್ಟದ ವಿಷಯ ಬೇರೆಯೇ. ನಮಗೆ ಮೂರು ದಾರಿ: ಬ್ರಹ್ಮಾವರದಿಂದ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ; ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿ ಹುಲಿಕಲ್; ಬೈಂದೂರಿನವರಿಗೆ ಕೊಲ್ಲೂರು ಘಾಟಿ. ಹತ್ತುವಾಗ ಎಂಜಿನಿಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಐದು ಜನ ಕೂತ ಅಂಬಾಸಿಡರ್ ಒಂದೂವರೆ ಟನ್ ಎನ್ನಿ, ಇಳಿತ 500 ಮೀಟರ್ ಎನ್ನಿ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ಹೀರಬೇಕಾದರೆ ಹುಟ್ಟುವ ಬಿಸಿ ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಗೆ ತರಲು ಸಾಕು. ಎರಡನೆಯ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ತೆಗೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರ ಜೊತೆ ನಾನು ಘಟ್ಟ ಇಳಿಯುವುದಿಲ್ಲ.

ಇಳಿತದಲ್ಲಿ ಬ್ರೇಕು ಎರಡು ರೀತಿ ಕೈಕೊಡುತ್ತದೆ, ಎರಡಕ್ಕೂ ಕಾಲಿಗೆ ಆಗುವ ಅನುಭವ ಬೇರೆ. ಪೆಡಲ್ ಕಲ್ಲಿನಂತೆ ಗಟ್ಟಿ, ಆದರೆ ಕಾರು ನಿಲ್ಲುವುದಿಲ್ಲ. ಅದು ಲೈನರ್ ಕಾದು ಹಿಡಿತ ಕಳೆದುಕೊಂಡದ್ದು. ಪೆಡಲ್ ಇದ್ದಕ್ಕಿದ್ದಂತೆ ನೆಲಕ್ಕೆ ಹೋಗಿ, ಅರ್ಧ ಗಂಟೆ ನಿಲ್ಲಿಸಿದ ಮೇಲೆ ಏನೂ ಆಗಿಲ್ಲದಂತೆ ಮರಳಿ ಬಂದರೆ ಅದು ಆಯಿಲಿನೊಳಗಿನ ನೀರು ಕುದಿದು ಆವಿಯಾದದ್ದು. ಊರಿಗೆ ಬಂದು ಗ್ಯಾರೇಜಿನಲ್ಲಿ ತೋರಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. “ಬ್ರೇಕು ಸರಿಯಿತ್ತಲ್ಲ” ಎಂದು ಕಳಿಸುತ್ತಾರೆ. ಮುಂದಿನ ಇಳಿತದಲ್ಲಿ ಮತ್ತೆ ಅದೇ. ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನ ಪೈಪು. ಎಲ್ಲಿ ಆವಿಯಾದರೂ, ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ. ಉಳಿಯುವುದು ಹ್ಯಾಂಡ್ ಬ್ರೇಕು ಮತ್ತು ಗೇರು. ಆದ್ದರಿಂದ ಕರಾವಳಿಯಲ್ಲಿ ಕಾರು ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಆಯಿಲು ಪೂರ್ತಿ ಬದಲಿಸುವುದು ಒಳ್ಳೆಯದು. ತೇವ ಹೀರದ ಸಿಲಿಕೋನ್ ಆಯಿಲು, ಅಂದರೆ ಡಾಟ್ 5, ಹಾಕಿದರೆ ಆಗದೆ ಎಂದು ಸಂಗ್ರಾಹಕರು ಕೇಳುತ್ತಾರೆ. ಅದನ್ನು ಹಳೆಯದರ ಜೊತೆ ಬೆರೆಸುವಂತಿಲ್ಲ. ಒಳಗೆ ಸೇರಿದ ನೀರು ಅದರಲ್ಲಿ ಕರಗದೆ ತಗ್ಗಿನಲ್ಲಿ ಹನಿಯಾಗಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಅಗ್ಗದ ಡಾಟ್ 3 ಅಥವಾ 4, ಪ್ರತಿ ವರ್ಷ ಹೊಸದು.

ದೋಷವಲ್ಲದ್ದನ್ನು ದೋಷ ಎನ್ನುವುದೂ ಉಂಟು. ಮೋರಿಸ್ ಮೈನರಿನ ಮುಂದಿನ ಡ್ರಮ್ಮಿನಲ್ಲಿ ಎರಡೂ ಶೂಗಳು ಚಕ್ರ ಮುಂದಕ್ಕೆ ತಿರುಗುವಾಗ ತಾವಾಗಿಯೇ ಬಿಗಿದುಕೊಳ್ಳುವಂತೆ ಜೋಡಿಸಿವೆ. ಹಿಂದಕ್ಕೆ ಉರುಳುವಾಗ ಆ ಬಿಗಿತ ಸಿಗುವುದಿಲ್ಲ. ಮನೆಯ ಏರಿನಲ್ಲಿ ಹಿಂದಕ್ಕೆ ಜಾರಿದಾಗ ಬ್ರೇಕು ಕಡಿಮೆ ಅನ್ನಿಸಿದರೆ ಗಾಬರಿಯಾಗಬೇಡಿ, ಅದು ಹುಟ್ಟುಗುಣ. ಹಾಗೆಯೇ ನೀರು ನಿಂತ ರಸ್ತೆ ದಾಟಿದ ಮೇಲೆ ಬ್ರೇಕ್ ಹಿಡಿಯದಿದ್ದರೆ ಡ್ರಮ್ಮಿನೊಳಗೆ ನೀರು ಹೊಕ್ಕಿದೆ. ನಿಧಾನ ಗೇರಿನಲ್ಲಿ ಓಡಿಸುತ್ತ ಎಡಗಾಲಿನಿಂದ ಬ್ರೇಕನ್ನು ಹಗುರಾಗಿ ಒತ್ತಿದರೆ ಬಿಸಿಗೆ ಒಣಗುತ್ತದೆ.

ಎಲ್ಲ ಸರಿ ಮಾಡಿದ ಮೇಲೆ ಓಡಿಸಿ ನೋಡಬೇಕಲ್ಲ. ದಯವಿಟ್ಟು ನೇರ ಹೆದ್ದಾರಿಗೆ ಹೋಗಬೇಡಿ, ಬೈಂದೂರು ಬಳಿಯ ಒತ್ತಿನೆಣೆಯ ಇಳಿತಕ್ಕಂತೂ ಬೇಡವೇ ಬೇಡ. ಜನಸಂಚಾರವಿಲ್ಲದ, ಒಣಗಿದ ಸಮತಟ್ಟು ಡಾಂಬರು ರಸ್ತೆ ಸಾಕು. ಮೊದಲು ನಡಿಗೆಯ ವೇಗ, ಆಮೇಲೆ ಇಪ್ಪತ್ತು, ಆಮೇಲೆ ನಲವತ್ತು. ವೇಗ ಇಮ್ಮಡಿಯಾದರೆ ಬ್ರೇಕಿನ ಕೆಲಸ ನಾಲ್ಕು ಪಟ್ಟಾಗುತ್ತದೆ. ನಲವತ್ತರಲ್ಲಿ ಚೆಂದ ನಿಂತ ಕಾರು ಎಂಬತ್ತರಲ್ಲಿ ಹಾಗೆಯೇ ನಿಲ್ಲುತ್ತದೆಂದು ನಂಬುವಂತಿಲ್ಲ. ಈ ಕಾರುಗಳ ಬ್ರೇಕು ಹುಟ್ಟಿದ್ದು ಎದುರು ವಾಹನ ಬಂದರೆ ಒಂದು ಬದಿ ಮಣ್ಣಿಗಿಳಿಯುವ ಕಾಲದಲ್ಲಿ. ಇಂದಿನ ಚತುಷ್ಪಥ ಹೆದ್ದಾರಿ 66ರಲ್ಲಿ ಮುಂದಿನ ಹೊಸ ಕಾರು ಡಿಸ್ಕ್ ಬ್ರೇಕು, ಎಬಿಎಸ್ ಇಟ್ಟುಕೊಂಡು ಥಟ್ಟನೆ ನಿಲ್ಲುತ್ತದೆ. ನಮ್ಮದು ಎಷ್ಟೇ ಚೆನ್ನಾಗಿದ್ದರೂ ಅಷ್ಟು ಬೇಗ ನಿಲ್ಲದು. ಅಂತರ ಬಿಡುವುದೊಂದೇ ದಾರಿ.

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. 1970ರ ದಶಕದ ಆರಂಭದ ಅಂಬಾಸಿಡರುಗಳೆಲ್ಲ ಈಗ ಈ ವಯಸ್ಸಿಗೆ ಬಂದಿವೆ. ನೋಂದಣಿಯ ಆಸೆಯಿಂದಲಾದರೂ ತಾರ್ಪಾಲು ಸರಿಯುವ ಶೆಡ್ಡುಗಳು ಹೆಚ್ಚಿದರೆ ಸಂತೋಷ.

ಕೊನೆಗೆ, ಮಳೆಗಾಲಕ್ಕೆ ಕಾರನ್ನು ಒಳಗೆ ಹಾಕುವವರಿಗೆ. ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ನಾಲ್ಕು ತಿಂಗಳ ತೇವಕ್ಕೆ ಶೂಗಳು ಡ್ರಮ್ಮಿಗೆ ಅಂಟಿಕೊಂಡು, ಆಮೇಲೆ ಎಂಜಿನ್ ಎಷ್ಟು ಎಳೆದರೂ ಹಿಂದಿನ ಚಕ್ರ ತಿರುಗುವುದಿಲ್ಲ. ಕಾರನ್ನು ಗೇರಿನಲ್ಲಿಟ್ಟು ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡಿ. ಮನೆಯಲ್ಲಿ ಇರುವವರಿಗೆ ವಾರಕ್ಕೊಮ್ಮೆ ಬಂದು ಪೆಡಲನ್ನು ನಾಲ್ಕು ಸಲ, ಅರ್ಧದವರೆಗೆ ಮಾತ್ರ, ಒತ್ತಿ ಹೋಗಲು ಹೇಳಿ. ಹಾಗೆ ಮಾಡಿದರೆ ರಬ್ಬರ್ ಕಪ್ಪುಗಳು ಒಂದೇ ಕಡೆ ಕಚ್ಚಿಕೊಳ್ಳುವುದಿಲ್ಲ. ಒಂದು ರಟ್ಟಿನ ತುಂಡಿನಲ್ಲಿ “ಹ್ಯಾಂಡ್ ಬ್ರೇಕ್ ಹಾಕಿಲ್ಲ, ಮರದ ತುಂಡು ಕೊಟ್ಟಿದೆ” ಎಂದು ದಪ್ಪಗೆ ಬರೆದು ಸ್ಟಿಯರಿಂಗಿಗೆ ತೂಗುಹಾಕಿ. ಮುಂದಿನ ಸಲ ಕೀಲಿ ಹಿಡಿದು ಬರುವವರು ನೀವೇ ಆಗಿರಬೇಕೆಂದಿಲ್ಲವಲ್ಲ.